ಹಳೆಯ ಜೀಪಿನ ಗೇರ್‌ಬಾಕ್ಸ್ ಸೋರುತ್ತಿದೆ: ಸೀಲ್ ಬದಲಿಸುವುದೋ, ಎಣ್ಣೆ ತುಂಬಿಸಿ ಓಡಿಸುವುದೋ?

ರೊಬಸ್ಟಾ ಕಾಫಿಯ ಕೊಯ್ಲು ಮುಗಿದು ಒಣಕಾಯಿ ಮೂಟೆ ಸೇರಿದ ಮೇಲೆ, ಮೂಡಿಗೆರೆಯ ಸುತ್ತಿನ ತೋಟಗಳಲ್ಲಿ ಹಳೆಯ ಜೀಪು ಇಟ್ಟುಕೊಂಡವರ ಮುಂದೆ ಪ್ರತಿ ವರ್ಷ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ. ನವೆಂಬರಿನಿಂದ ಬಿಡುವಿಲ್ಲದೆ ದುಡಿದ ಗಾಡಿ ಈಗ ಶೆಡ್ಡಿನಲ್ಲಿದೆ. ಅದರ ನಡುಭಾಗದ ಕೆಳಗೆ ನೆಲದ ಮೇಲೆ ಅಂಗೈಯಗಲದ ಎಣ್ಣೆ ಕಲೆ. ಮಳೆ ಹಿಡಿಯುವ ಮುನ್ನ ಗೇರ್‌ಬಾಕ್ಸ್ ಇಳಿಸಿ ಎಲ್ಲ ಸೀಲುಗಳನ್ನೂ, ಅಂದರೆ ಶಾಫ್ಟಿನ ಸುತ್ತ ಕೂತು ಎಣ್ಣೆ ತಡೆಯುವ ರಬ್ಬರ್ ಬಳೆಗಳನ್ನೂ, ಹೊಸದು ಮಾಡಿಸಬೇಕೇ? ಕೆಳಗಿನಿಂದಲೇ ಕೈಗೆ ಸಿಗುವ ಒಂದೆರಡನ್ನು ಬದಲಿಸಿದರೆ ಸಾಕೇ? ಅಥವಾ ಇನ್ನೊಂದು ವರ್ಷ ಎಣ್ಣೆ ತುಂಬಿಸುತ್ತಾ ದೂಡಬಹುದೇ?

ನಮ್ಮ ಮನೆಯದು ಮಹೀಂದ್ರ ಸಿಜೆ-3ಬಿ. ವಿಲ್ಲಿಸ್ ಕಂಪನಿ 1953ರಲ್ಲಿ ಹೊರತಂದ ಈ ಮಾದರಿ ಅಮೆರಿಕದಲ್ಲಿ 1968ಕ್ಕೆ ನಿಂತುಹೋಯಿತು. ಇಲ್ಲಿ ಮಹೀಂದ್ರ ಆಮೇಲೆಯೂ ಕಟ್ಟುತ್ತಾ ಬಂದದ್ದರಿಂದ ಮಲೆನಾಡಿನ ತೋಟಗಳಲ್ಲಿ ಈ ಜೀಪುಗಳು ಇನ್ನೂ ಉಳಿದಿವೆ. ಮೂರು ಗೇರಿನ ಟಿ-90 ಗೇರ್‌ಬಾಕ್ಸ್, ಅದರ ಬೆನ್ನಿಗೆ ಬೋಲ್ಟ್ ಮಾಡಿದ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸ್. ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ ಅದು. ನಾನು ಬರೆಯುತ್ತಿರುವುದು ಹೆಚ್ಚಾಗಿ ಈ ಜೋಡಿಯ ಬಗ್ಗೆ. ಅಂಬಾಸಿಡರ್, ಪದ್ಮಿನಿ ಕಾರು ಇರುವವರು ಲೆಕ್ಕಾಚಾರವನ್ನು ಇಲ್ಲಿಂದ ತೆಗೆದುಕೊಳ್ಳಬಹುದು; ಬಿಚ್ಚುವ ಜೋಡಿಸುವ ವಿವರ ಅವರಿಗೆ ಬೇರೆ.

ಸಾಮಾನ್ಯವಾಗಿ ಎಲ್ಲರೂ ಹನಿ ಎಣಿಸುತ್ತಾರೆ. ನಾನು ಬೇರೆ ಪ್ರಶ್ನೆ ಕೇಳುತ್ತೇನೆ: ಸೋರಿದ ಎಣ್ಣೆ ಹೋಗಿ ಸೇರುತ್ತಿರುವುದು ಎಲ್ಲಿಗೆ? ಇದನ್ನು ನಾನು ಕಲಿತದ್ದು ನಮ್ಮ ತೋಟದ ಇಳಿಜಾರಿನಲ್ಲಿ.

ಆ ವರ್ಷ ಶೆಡ್ಡಿನ ನೆಲದ ಕಲೆ ಚಿಕ್ಕದಾಗಿತ್ತು. ಸೋರುವುದು ತಾನಾಗಿಯೇ ಕಡಿಮೆಯಾಯಿತು ಎಂದು ಅಪ್ಪನಿಗೆ ಸಮಾಧಾನ. ಒಂದು ಸಂಜೆ ಕೆಳಗಿನ ಕಟ್ಟೆಯ ಹತ್ತಿರ ಹ್ಯಾಂಡ್ ಬ್ರೇಕ್ ಎಳೆದು ಜೀಪು ನಿಲ್ಲಿಸಿ ಹಣ್ಣಿನ ಮೂಟೆ ಏರಿಸುತ್ತಿದ್ದೆವು. ಆರನೆಯದೋ ಏಳನೆಯದೋ ಮೂಟೆ ಬಿದ್ದದ್ದೇ ಗಾಡಿ ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿತು. ಮೂಟೆ ಹೊತ್ತಿದ್ದವರು ಪಕ್ಕಕ್ಕೆ ಹಾರಿದರು. ಒಬ್ಬರು ಚಕ್ರಕ್ಕೆ ಕಲ್ಲು ಕೊಟ್ಟರು. ಯಾರಿಗೂ ಏನೂ ಆಗಲಿಲ್ಲ. ಮರುದಿನ ಡ್ರಮ್ ಬಿಚ್ಚಿದರೆ ಒಳಗೆ ಬ್ರೇಕ್ ಲೈನಿಂಗ್ ಗೇರ್ ಎಣ್ಣೆಯಲ್ಲಿ ನೆಂದು ಕಪ್ಪಗೆ ಹೊಳೆಯುತ್ತಿತ್ತು. ಈ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಇರುವುದು ಹಿಂದಿನ ಚಕ್ರಗಳಲ್ಲಿ ಅಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಬದಿ ಶಾಫ್ಟಿನ ಡ್ರಮ್ಮಿನಲ್ಲಿ. ಆ ಶಾಫ್ಟಿನ ಸೀಲ್ ಹೋಗಿತ್ತು. ನೆಲಕ್ಕೆ ಬೀಳಬೇಕಾದ ಎಣ್ಣೆಯನ್ನು ಡ್ರಮ್ಮೇ ಕುಡಿದದ್ದರಿಂದ ಕಲೆ ಚಿಕ್ಕದಾಗಿತ್ತು, ಅಷ್ಟೇ.

ಹಾಗಾಗಿ ನನ್ನ ಮೊದಲ ನಿಲುವು ಸ್ಪಷ್ಟ. ಎಣ್ಣೆ ಹ್ಯಾಂಡ್ ಬ್ರೇಕ್ ಡ್ರಮ್ಮಿಗೆ ಅಥವಾ ಕ್ಲಚ್ಚಿಗೆ ಹೋಗುತ್ತಿದ್ದರೆ ಯೋಚಿಸಲು ಏನೂ ಉಳಿದಿಲ್ಲ, ಸೀಲ್ ಬದಲಿಸಲೇಬೇಕು. ನೆಲಕ್ಕೆ ಮಾತ್ರ ಹೋಗುತ್ತಿದ್ದರೆ ಸಾವಕಾಶವಾಗಿ ಲೆಕ್ಕ ಹಾಕಬಹುದು.

ನಮ್ಮ ಕಡೆಯವರು ಇದಕ್ಕೆ ಇನ್ನೊಂದನ್ನು ಸೇರಿಸಿಕೊಳ್ಳಬೇಕು, ಅದು ನೀರು. ಎಣ್ಣೆ ಹೊರಬರುವ ದಾರಿಯಲ್ಲೇ ನೀರು ಒಳಗೆ ಹೋಗುತ್ತದೆ. ಏರು ಹತ್ತಿ ಬಿಸಿಯಾದ ಪೆಟ್ಟಿಗೆ ಆರಿದ್ರಾ ಮಳೆಯಲ್ಲಿ ತುಂಬಿದ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ತಟ್ಟನೆ ತಣಿದು ಕುಗ್ಗುತ್ತದೆ. ಸವೆದ ಸೀಲಿನ ತುಟಿಯ, ಅಂದರೆ ಶಾಫ್ಟಿಗೆ ಒತ್ತಿಕೊಳ್ಳುವ ಒಳ ಅಂಚಿನ, ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲ ಕಳೆದು ಡ್ರೈನ್ ಪ್ಲಗ್ ಬಿಚ್ಚಿದಾಗ ಹಾಲು ಬೆರೆಸಿದ ಕಾಫಿಯ ಬಣ್ಣದ ಎಣ್ಣೆ ಇಳಿದರೆ ಇದೇ ಆಗಿದೆ ಎಂದು ತಿಳಿಯಿರಿ. ಬೇರಿಂಗುಗಳನ್ನು ತಿನ್ನುವುದು ಈ ನೀರು. ಬಯಲುಸೀಮೆಯಲ್ಲಿ, ಟಾರು ರಸ್ತೆಯಲ್ಲಿ ಮಾತ್ರ ಓಡುವ ಕಾರಿಗೆ ಸಹಿಸಬಹುದಾದ ಸೋರಿಕೆ ಹಳ್ಳ ದಾಟುವ ಜೀಪಿಗೆ ಸಲ್ಲದು.

ಮೊದಲು ಎಲ್ಲಿಂದ ಎಂದು ತಿಳಿಯಿರಿ

ಸೀಲ್ ತರುವ ಮುನ್ನ ಒಂದು ಬೆಳಗ್ಗೆ ಇದಕ್ಕೆ ಮೀಸಲಿಡಿ. ಹೊಟ್ಟೆಯ ಅಡಿಯನ್ನು ಡೀಸೆಲ್ ಮತ್ತು ಬ್ರಷ್ಷಿನಿಂದ ತಿಕ್ಕಿ ತೊಳೆದು ಒರೆಸಿ, ಚೆನ್ನಾಗಿ ಒಣಗಲು ಬಿಡಿ. ಅನುಮಾನ ಇರುವ ಕಡೆ ಸೀಮೆಸುಣ್ಣದ ಪುಡಿಯೋ ಟಾಲ್ಕಮ್ ಪೌಡರೋ ಚಿಮುಕಿಸಿ. ಮೂಡಿಗೆರೆಯವರು ಕೊಟ್ಟಿಗೆಹಾರಕ್ಕೆ, ಚಿಕ್ಕಮಗಳೂರಿನವರು ಕೈಮರಕ್ಕೆ ಹೋಗಿ ಬರಲಿ. ಬಂದ ತಕ್ಷಣ ಟಾರ್ಚ್ ಹಿಡಿದು ಕೆಳಗೆ ಮಲಗಿ. ಬಿಳಿ ಪುಡಿಯ ಮೇಲೆ ಎಣ್ಣೆಯ ಗೆರೆ ಎಲ್ಲಿಂದ ಇಳಿದಿದೆ ಎಂದು ಕಣ್ಣಿಗೇ ಕಾಣುತ್ತದೆ. ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುವುದರಿಂದ, ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮುಂದಿನ ಮತ್ತು ಮೇಲಿನ ಜಾಗವೇ ಮೂಲ.

ಕ್ಲಚ್ ಹೌಸಿಂಗಿನ ಅಡಿಯಿಂದ ಹನಿ ಬೀಳುತ್ತಿದ್ದರೆ ಹೆಚ್ಚು ಎಚ್ಚರ ಬೇಕು. ಅದು ಗೇರ್‌ಬಾಕ್ಸಿನದಾಗಿರಬಹುದು, ಎಂಜಿನ್ನಿನ ಹಿಂಬದಿಯದೂ ಆಗಿರಬಹುದು. ಬೆರಳಿಗೆ ಹಚ್ಚಿ ನೋಡಿ: ಗೇರ್ ಎಣ್ಣೆ ಜಿಗುಟು, ಗಂಧಕದ ಘಾಟು ಮೂಗಿಗೆ ಬಡಿಯುತ್ತದೆ, ಎಂಜಿನ್ ಎಣ್ಣೆ ತೆಳು, ಕಪ್ಪು. ಹಳೆಯ ಜೀಪ್ ಎಂಜಿನ್ನುಗಳಲ್ಲಿ ಕ್ರ್ಯಾಂಕಿನ, ಅಂದರೆ ಎಂಜಿನ್ನಿನ ಮುಖ್ಯ ಶಾಫ್ಟಿನ, ಹಿಂಬದಿಗೆ ಹಗ್ಗದಂಥ ಪ್ಯಾಕಿಂಗ್ ಇರುತ್ತಿತ್ತು, ಅದು ವರ್ಷಗಳಾದ ಮೇಲೆ ಜಿನುಗುವುದು ಸಹಜ. ಅಂಬಾಸಿಡರಿನ ಹಳೆಯ 1489 ಸಿಸಿಯ, ಬ್ರಿಟನ್ನಿನ ಬಿಎಂಸಿ ಕಂಪನಿಯ ಎಂಜಿನ್ನಿನಲ್ಲಂತೂ ಆ ಜಾಗದಲ್ಲಿ ರಬ್ಬರ್ ಸೀಲೇ ಇಲ್ಲ. ಕ್ರ್ಯಾಂಕಿನ ಮೇಲೆ ಕೊರೆದ ಸುರುಳಿ ಗೆರೆ ತಿರುಗುತ್ತಾ ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಇದನ್ನು ತಿಳಿಯದೆ ಗೇರ್‌ಬಾಕ್ಸ್ ಇಳಿಸಿ ಸೀಲ್ ಹಾಕಿಸಿಕೊಂಡರೆ ಹಣವೂ ಹೋಯಿತು, ಸೋರಿಕೆಯೂ ಉಳಿಯಿತು.

ಇನ್ನು ಗಾಳಿಕಿಂಡಿ, ಅಂದರೆ ಬ್ರೀದರ್. ಟ್ರಾನ್ಸ್‌ಫರ್ ಕೇಸಿನ ಮೇಲೆ ಒಂದು ಚಿಕ್ಕ ಲೋಹದ ಟೋಪಿಯಂತೆ ಕೂತಿರುತ್ತದೆ, ಮಣ್ಣು ಮುಚ್ಚಿದ್ದರೆ ಕಾಣುವುದೂ ಇಲ್ಲ. ನಮ್ಮ ಜೀಪಿಗೆ ಪೇಟೆಯ ಒಂದು ವರ್ಕ್‌ಶಾಪಿನಲ್ಲಿ ಒಂದೇ ವರ್ಷದಲ್ಲಿ ಎರಡು ಸಲ ಹಿಂಬದಿ ಸೀಲ್ ಹಾಕಿಸಿದೆವು. ಎರಡು ಸಲವೂ ತಿಂಗಳೊಳಗೆ ಸೋರಿತು. ಮೂರನೆಯ ಸಲ ನಾನೇ ಮೇಲಿನ ತಗಡು ಬಿಚ್ಚಿ ಬ್ರೀದರ್ ತಿರುಗಿಸಿ ತೆಗೆದೆ. ಅದರ ರಂಧ್ರದೊಳಗೆ ಕುಂಬಾರ ಹುಳ ಗೂಡು ಕಟ್ಟಿ, ಕೆಂಪು ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ತಂತಿ ಹಾಕಿ ಕೆದಕಿದಾಗ ಮಣ್ಣಿನ ಜೊತೆ ಒಣಗಿದ ಜೇಡವೂ ಉದುರಿತು. ಒಳಗೆ ಬಿಸಿಯಾದ ಗಾಳಿಗೆ ಹೊರಹೋಗಲು ಬೇರೆ ದಾರಿ ಇಲ್ಲದೆ ಸೀಲಿನ ತುಟಿಯನ್ನೇ ತಳ್ಳಿಕೊಂಡು ಬರುತ್ತಿತ್ತು. ಆಮೇಲೆ ಹಾಕಿದ ಸೀಲ್ ವರ್ಷಗಟ್ಟಲೆ ಬಾಳಿತು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲುವ ಯಾವ ಗಾಡಿಗೂ ಇದು ಮೊದಲ ತಪಾಸಣೆಯಾಗಬೇಕು. ಐದು ನಿಮಿಷದ ಕೆಲಸ, ಖರ್ಚೇ ಇಲ್ಲ.

ಎಣ್ಣೆ ಹೆಚ್ಚಾಗಿ ತುಂಬಿದ್ದರೂ ಸೋರುತ್ತದೆ. ಪಕ್ಕದ ಫಿಲ್ಲರ್ ಪ್ಲಗ್ ಬಿಚ್ಚಿ ಕಿರುಬೆರಳು ಒಳಗೆ ಬಾಗಿಸಿ ನೋಡಿ. ತೂತಿನ ಕೆಳ ಅಂಚಿಗೆ ಸರಿಯಾಗಿ ಎಣ್ಣೆ ಇರಬೇಕು, ಹೊರಗೆ ಹರಿಯಬಾರದು. ಟಿ-90ರಿಂದ ಟ್ರಾನ್ಸ್‌ಫರ್ ಕೇಸಿಗೆ ಒಳಗೊಳಗೇ ಎಣ್ಣೆ ನುಸುಳುವುದು ಈ ಜೀಪುಗಳಲ್ಲಿ ಹಳೆಯ ಕಾಯಿಲೆ. ಆಗ ಹಿಂದಿನ ಪೆಟ್ಟಿಗೆ ತುಂಬಿ ತುಳುಕಿ ಸೋರುತ್ತಿರುತ್ತದೆ, ಮುಂದಿನದು ಒಣಗುತ್ತಿರುತ್ತದೆ. ಎರಡೂ ಪ್ಲಗ್ ಬಿಚ್ಚಿ ನೋಡದೆ ಒಂದಕ್ಕೆ ಮಾತ್ರ ಸುರಿಯಬೇಡಿ.

ಎಣ್ಣೆ ತುಂಬಿಸುತ್ತಾ ಓಡಿಸುವುದು

ಇದನ್ನು ಸೋಮಾರಿಯ ದಾರಿ ಎಂದು ನಾನು ಹೇಳುವುದಿಲ್ಲ. ಸರಿಯಾಗಿ ಮಾಡಿದರೆ ಇದೂ ಒಂದು ತೀರ್ಮಾನವೇ. ಸುಮಾರು ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ, ರಾತ್ರಿಗೆ ಹತ್ತು ಹನಿ ಬೀಳುವ ಗಾಡಿ ತಿಂಗಳಿಗೆ 15 ಮಿಲಿಲೀಟರ್ ಕಳೆದುಕೊಳ್ಳುತ್ತದೆ. ಓಡುವಾಗ ಇನ್ನಷ್ಟು ಹೋಗುತ್ತದೆ ಎಂದಿಟ್ಟುಕೊಂಡರೂ ತಿಂಗಳಿಗೊಮ್ಮೆ ಬೆರಳು ಹಾಕಿ ನೋಡುವವನಿಗೆ ಇದು ದೊಡ್ಡದಲ್ಲ. ಆದರೆ ಈ ಪೆಟ್ಟಿಗೆಗಳು ಹಿಡಿಯುವ ಎಣ್ಣೆಯೇ ಕಡಿಮೆ: ಟಿ-90 ಹತ್ತಿರಹತ್ತಿರ 1.2 ಲೀಟರ್, ಟ್ರಾನ್ಸ್‌ಫರ್ ಕೇಸ್ 1.5 ಲೀಟರ್. ಮುನ್ನೂರು ಮಿಲಿಲೀಟರ್ ಹೋದರೆ ಗೇರ್‌ಬಾಕ್ಸಿನ ಕಾಲು ಭಾಗವೇ ಹೋದಂತೆ. ಆರು ತಿಂಗಳು ಯಾರೂ ಬಗ್ಗಿ ನೋಡದ ಮನೆಯಲ್ಲಿ ಈ ದಾರಿ ಹಿಡಿಯಬಾರದು.

ಬಹುಕಾಲ ನಿಂತ ಗಾಡಿಗೆ ಕಾಯುವುದರಿಂದ ಒಂದು ಲಾಭವೂ ಇದೆ. ಸೀಲಿನ ತುಟಿ ಒಣಗಿ ಬಿಗಿಯಾಗಿದ್ದರೆ, ಕೆಲವು ವಾರ ಓಡಿಸಿದ ಮೇಲೆ ಎಣ್ಣೆ ಹಿಡಿದು ಮೃದುವಾಗಿ ಸೋರುವುದು ತಗ್ಗುವುದುಂಟು. ತಂದೆಯ ಕಾಲದ ಪದ್ಮಿನಿಯನ್ನು ಹತ್ತು ವರ್ಷದ ಮೇಲೆ ಶೆಡ್ಡಿನಿಂದ ಹೊರತೆಗೆಯುತ್ತಿರುವವರು ಮೊದಲ ದಿನವೇ ಗೇರ್‌ಬಾಕ್ಸ್ ಇಳಿಸುವ ಅವಸರ ಮಾಡದಿರಲಿ.

ಈ ದಾರಿ ಹಿಡಿದವರು ಮಾಡುವ ಒಂದು ತಪ್ಪು ನನ್ನನ್ನು ನಿಜವಾಗಿ ನೋಯಿಸುತ್ತದೆ. ಸೋರುವುದು ನಿಲ್ಲಲಿ ಎಂದು 140ರ ದರ್ಜೆಯ ಮಂದ ಗೇರ್ ಎಣ್ಣೆ (ಅಂಕಿ ಹೆಚ್ಚಿದಷ್ಟೂ ಎಣ್ಣೆ ಮಂದ) ಹಾಕುವುದು, ಅದಕ್ಕೂ ನಿಲ್ಲದಿದ್ದರೆ ಗ್ರೀಸ್ ತುಂಬುವುದು. ಚಿಕ್ಕಮಗಳೂರಿನ ಡಿಸೆಂಬರ್ ಮುಂಜಾನೆಯಲ್ಲಿ 140 ಹಾಕಿದ ಗೇರ್‌ಬಾಕ್ಸ್ ಜೋನಿಬೆಲ್ಲದಲ್ಲಿ ಕಡೆಗೋಲು ಆಡಿಸಿದಂತೆ ಇರುತ್ತದೆ, ಎರಡನೆಯ ಗೇರ್ ಬೀಳುವುದೇ ಕಷ್ಟ. ಗ್ರೀಸ್ ಇನ್ನೂ ಕೆಟ್ಟದ್ದು. ಹಲ್ಲುಗಳು ತಿರುಗಿ ಗ್ರೀಸನ್ನು ಬದಿಗೆ ಎಸೆದು ನಡುವೆ ಕಾಲುವೆ ಮಾಡಿಕೊಳ್ಳುತ್ತವೆ. ಕೆಳಗಿನ ಶಾಫ್ಟಿನ ಸೂಜಿ ರೋಲರುಗಳಿಗೆ ಏನೂ ತಲುಪುವುದಿಲ್ಲ. ಹೊರಗೆ ಒಂದು ಹನಿಯೂ ಬೀಳದ, ಒಳಗೆ ಸುಟ್ಟುಹೋದ ಗೇರ್‌ಬಾಕ್ಸನ್ನು ನಾನು ಕಂಡಿದ್ದೇನೆ. ಕಂಪನಿ ಹೇಳಿದ 90ರ ಎಣ್ಣೆಯನ್ನೇ ಹಾಕಿ, ಡಬ್ಬಿಯ ಮೇಲೆ ಜಿಎಲ್-4 ಎಂಬ ದರ್ಜೆ ಇರುವುದನ್ನು. ಜಿಎಲ್-5 ಡಿಫರೆನ್ಷಿಯಲ್ಲಿಗೆ ಸರಿ; ಎರಡು ಮತ್ತು ಮೂರನೆಯ ಗೇರಿನ ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಹಿತ್ತಾಳೆ ಸಿಂಕ್ರೊ ಉಂಗುರಗಳಿಗೆ ಒಳ್ಳೆಯದಲ್ಲ. ಸೋರಿಕೆ ನಿಲ್ಲಿಸುವ ಡಬ್ಬಿ ದ್ರಾವಣಗಳು ರಬ್ಬರನ್ನು ಊದಿಸಿ ಸ್ವಲ್ಪ ದಿನ ನಿಲ್ಲಿಸುತ್ತವೆ. ದೂರ ಪ್ರಯಾಣದ ನಡುವೆ ಸಿಕ್ಕಿಬಿದ್ದವರಿಗೆ ಸರಿ, ಮನೆಯಲ್ಲಿ ಬೇಡ.

ಕೆಳಗಿನಿಂದ ಸಿಗುವುದನ್ನು ಬದಲಿಸುವುದು

ನನ್ನನ್ನು ಕೇಳಿದರೆ ತೋಟದ ಜೀಪುಗಳಲ್ಲಿ ಹೆಚ್ಚಿನವಕ್ಕೆ ಬೇಕಾದದ್ದು ಇದೇ. ಹಿಂದಿನ ಚಕ್ರಗಳ ಕಡೆಗೆ ಹೋಗುವ ಉದ್ದ ದಂಡ, ಅಂದರೆ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಸ್ಪ್ಲಿಟ್ ಪಿನ್ ಎಳೆದು, ದೊಡ್ಡ ನಟ್ ತೆಗೆದರೆ ಡ್ರಮ್ಮು, ಎರಡು ಶಾಫ್ಟುಗಳನ್ನು ಜೋಡಿಸುವ ಕಪ್ಲಿಂಗ್ ಹೊರಬರುತ್ತವೆ; ಹಿಂದೆಯೇ ಸೀಲ್. ಮುಂದಿನ ಚಕ್ರಗಳ ಕಡೆಯ ಸೀಲೂ ಹೀಗೆಯೇ. ಗೇರ್ ಕಡ್ಡಿಗಳ ಚಿಕ್ಕ ಸೀಲುಗಳು, ಅಡಿಯ ತಟ್ಟೆಯ ಪ್ಯಾಕಿಂಗ್ ಕೂಡ ಪೆಟ್ಟಿಗೆ ಇಳಿಸದೆ ಆಗುತ್ತವೆ. ಕೈ ಪಳಗಿದ ಮೇಸ್ತ್ರಿಗೆ ಒಂದು ದಿನದ ಕೆಲಸ, ಸೀಲುಗಳ ಬೆಲೆ ಕೆಲವು ನೂರು ರೂಪಾಯಿಗಳ ಲೆಕ್ಕ. ಅಂಬಾಸಿಡರ್, ಪದ್ಮಿನಿಗಳಲ್ಲೂ ಗೇರ್‌ಬಾಕ್ಸಿನ ಹಿಂಬದಿ ಸೀಲಿಗೆ ಪ್ರೊಪೆಲ್ಲರ್ ಶಾಫ್ಟ್ ಕಳಚಿ ಕೆಳಗಿನಿಂದ ಕೈ ಹಾಕಬಹುದು.

ಆದರೆ ಹಳೆಯ ಸೀಲ್ ಕಿತ್ತು ಹೊಸದನ್ನು ಬಡಿದು ಕೂರಿಸಿದರೆ ಕೆಲಸ ಮುಗಿಯಲಿಲ್ಲ. ಹೊರತೆಗೆದ ಕಪ್ಲಿಂಗನ್ನು ಒರೆಸಿ, ಸೀಲಿನ ತುಟಿ ಕೂರುವ ನುಣುಪು ಭಾಗದ ಮೇಲೆ ಉಗುರನ್ನು ಉದ್ದಕ್ಕೆ ಎಳೆಯಿರಿ. ಹೊಳೆಯುವ ಪಟ್ಟಿ ಕಂಡರೂ ಉಗುರು ಜಾರಿ ಹೋದರೆ ಚಿಂತೆಯಿಲ್ಲ. ಉಗುರು ತಡೆದು ನಿಂತರೆ ಅಲ್ಲಿ ತುಟಿ ವರ್ಷಗಟ್ಟಲೆ ಉಜ್ಜಿ ಗೀರು ಕೊರೆದಿದೆ. ಎಷ್ಟೇ ಒಳ್ಳೆಯ ಹೊಸ ಸೀಲ್ ಹಾಕಿದರೂ ಆ ಗೀರಿನಲ್ಲಿ ಎಣ್ಣೆ ದಾರಿ ಮಾಡಿಕೊಳ್ಳುತ್ತದೆ. ಮೆತ್ತಗಿನ ರಬ್ಬರ್ ಉಕ್ಕನ್ನು ಕೊರೆಯುತ್ತದೆಯೇ ಎಂದು ಆಶ್ಚರ್ಯವಾಗಬಹುದು. ತುಟಿಗೆ ಅಂಟಿಕೊಂಡ ಮಣ್ಣಿನ ಕಣಗಳು ಮರಳು ಕಾಗದದ ಕೆಲಸ ಮಾಡುತ್ತವೆ, ನಮ್ಮ ಕೆಮ್ಮಣ್ಣಿನ ದಾರಿಗಳಲ್ಲಿ ಅದಕ್ಕೆ ಬರವಿಲ್ಲ.

ಗೀರಿದ್ದರೆ ಎಲ್ಲಕ್ಕಿಂತ ಒಳ್ಳೆಯದು ಹೊಸ ಕಪ್ಲಿಂಗ್. ಸಿಗದಿದ್ದರೆ ತೆಳುವಾದ ಉಕ್ಕಿನ ಸ್ಲೀವ್ ತೊಡಿಸಬಹುದು. ಜಾಗ ಇದ್ದರೆ ಹೊಸ ಸೀಲನ್ನು ಒಂದೆರಡು ಮಿಲಿಮೀಟರ್ ಹೊರಗೆ ಕೂರಿಸಿ ತುಟಿ ಗೀರಿನ ಪಕ್ಕದ ನುಣುಪಿನ ಮೇಲೆ ಬೀಳುವಂತೆ ಮಾಡಬಹುದು. ಇದು ಖರ್ಚಿಲ್ಲದ ಉಪಾಯ, ಎಷ್ಟೋ ಸಲ ಸಾಕಾಗುತ್ತದೆ. ವೆಲ್ಡಿಂಗ್ ತುಂಬಿ ಲೇತಿನಲ್ಲಿ ಕಡೆಸುವುದನ್ನು ನಾನು ಕೊನೆಗೆ ಇಡುತ್ತೇನೆ, ಕಡೆದದ್ದು ಕೂದಲೆಳೆಯಷ್ಟು ವಾಲಿದರೂ ಪ್ರತಿ ಸುತ್ತಿಗೂ ತುಟಿ ಎದ್ದೆದ್ದು ಬೀಳುತ್ತದೆ.

ಶಾಫ್ಟ್ ಹಿಡಿದು ಅಲುಗಾಡಿಸಿಯೂ ನೋಡಿ. ಸ್ಪೈಸರ್ 18ರ ಹಿಂಬದಿ ಶಾಫ್ಟಿಗೆ ಉದ್ದಕ್ಕೆ 0.10ರಿಂದ 0.20 ಮಿಲಿಮೀಟರ್ ಆಟ ಇರಬೇಕು, ಅದನ್ನು ತೆಳು ಶಿಮ್ ತಗಡುಗಳನ್ನು ಸೇರಿಸಿ ತೆಗೆದು ಹೊಂದಿಸುತ್ತಾರೆ. ಕೈಗೆ ಟಕ್ ಟಕ್ ಎಂದು ಸಿಗುವಷ್ಟು ಆಟವಿದ್ದರೆ ಬೇರಿಂಗ್ ಹೋಗಿದೆ ಎಂದರ್ಥ. ಅದರ ಮೇಲೆ ಹೊಸ ಸೀಲ್ ಹಾಕುವುದು ಅಲುಗಾಡುವ ಕಂಬಕ್ಕೆ ಗಾರೆ ಮಾಡಿದಂತೆ.

ಕೂರಿಸುವಾಗ ತುಟಿಗೆ ಎಣ್ಣೆ ಸವರಿ, ಸುತ್ತುವ ಸಣ್ಣ ಸ್ಪ್ರಿಂಗ್ ಜಾಗಕ್ಕೆ ಸ್ವಲ್ಪ ಗ್ರೀಸ್ ತುಂಬಿ. ಬಡಿಯುವಾಗ ಅದು ಜಿಗಿದು ಹೋಗದಿರಲಿ ಎಂದು. ಸ್ಪ್ರಿಂಗ್ ಇರುವ ಬದಿ ಎಣ್ಣೆಯ ಕಡೆಗೆ. ಚಪ್ಪಟೆ ಮರದ ತುಂಡು ಇಟ್ಟು ಸುತ್ತಲೂ ಸಮನಾಗಿ ಬಡಿಯಿರಿ. ಕಪ್ಲಿಂಗಿನ ಒಳಹಲ್ಲುಗಳಿಗೆ ತೆಳುವಾಗಿ ಸೀಲಂಟ್ ಹಚ್ಚುವುದನ್ನು ಬಹಳ ಮೇಸ್ತ್ರಿಗಳು ಮರೆಯುತ್ತಾರೆ. ಎಣ್ಣೆ ಸೀಲನ್ನು ಬಿಟ್ಟು ಹಲ್ಲುಗಳ ಸಂದಿಯಲ್ಲಿ ತೆವಳಿ ನಟ್ಟಿನ ಹತ್ತಿರ ಹೊರಬರುತ್ತದೆ. ಹೊಸ ಸೀಲೂ ಸೋರಿತು ಎಂದು ಅಂಗಡಿಯವನನ್ನು ಬೈಯುತ್ತೇವೆ. ಎಣ್ಣೆ ಕುಡಿದ ಬ್ರೇಕ್ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಬೇಡಿ, ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ.

ಸೀಲ್ ಹುಡುಕುವುದು ಜನ ಹೆದರುವಷ್ಟು ಕಷ್ಟವಲ್ಲ. ಹಳೆಯ ಸೀಲಿನ ಬೆನ್ನ ಮೇಲೆ ಅಳತೆಯೋ ನಂಬರೋ ಇರುತ್ತದೆ. ಅಳಿಸಿದ್ದರೆ ಶಾಫ್ಟಿನ ವ್ಯಾಸ, ಕೂರುವ ತೂತಿನ ವ್ಯಾಸ, ದಪ್ಪ ಈ ಮೂರನ್ನು ವರ್ನಿಯರ್ ಹಿಡಿದು ಬರೆದುಕೊಂಡು ಬೇರಿಂಗ್ ಅಂಗಡಿಗೆ ಹೋಗಿ. ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ ಇದ್ದೇ ಇದೆ. ಗಾಡಿ ಬಿಚ್ಚುವ ಮುನ್ನವೇ ಸೀಲ್ ಕೈಯಲ್ಲಿರಲಿ.

ಇಡೀ ಪೆಟ್ಟಿಗೆ ಇಳಿಸುವುದು

ಕ್ಲಚ್ ಕಡೆಯ ಸೋರಿಕೆಗೂ ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ ನಡುವಿನ ಒಳಸೋರಿಕೆಗೂ ಬೇರೆ ದಾರಿ ಇಲ್ಲ. ಒಳಗಿನ ನೆಲದ ತಗಡು ಬಿಚ್ಚಬೇಕು, ಎರಡೂ ಕಡೆಯ ಪ್ರೊಪೆಲ್ಲರ್ ಶಾಫ್ಟ್ ಕಳಚಬೇಕು, ಅಡ್ಡಪಟ್ಟಿ ಇಳಿಸಬೇಕು, ಜ್ಯಾಕಿನ ಮೇಲೆ ಎರಡೂ ಪೆಟ್ಟಿಗೆಗಳನ್ನು ಒಟ್ಟಿಗೆ ಹಿಂದಕ್ಕೆ ಎಳೆಯಬೇಕು. ಇಬ್ಬರು ಮೂವರು ಬೇಕು, ಎರಡು ಮೂರು ದಿನ ಬೇಕು. ಖರ್ಚಿನಲ್ಲಿ ಸೀಲಿನ ಪಾಲು ಚಿಲ್ಲರೆ, ಉಳಿದದ್ದೆಲ್ಲ ಕೂಲಿ.

ಆದ್ದರಿಂದ ಕೇವಲ ನೆಲದ ಕಲೆಗಾಗಿ ನಾನು ಪೆಟ್ಟಿಗೆ ಇಳಿಸುವುದಿಲ್ಲ. ಕ್ಲಚ್ ಪ್ಲೇಟ್ ಸವೆದು ಹೇಗೂ ಇಳಿಸಬೇಕಾದ ದಿನ ಬರುತ್ತದಲ್ಲ, ಅದಕ್ಕೆ ಕಾಯುತ್ತೇನೆ. ಆ ದಿನ ಬಂದಾಗ ಮಾತ್ರ ಒಂದು ಹಳೆಯ ಸೀಲನ್ನೂ ಮರಳಿ ಒಳಗೆ ಬಿಡುವುದಿಲ್ಲ, ಸೋರದಿದ್ದರೂ ಸರಿ. ಕ್ಲಚ್ ಬಿಡಿಸುವ ಬೇರಿಂಗ್, ಕ್ರ್ಯಾಂಕಿನ ತುದಿಯ ಪೈಲಟ್ ಬುಷ್, ಎಂಜಿನ್ನಿನ ಹಿಂಬದಿ ಪ್ಯಾಕಿಂಗ್, ಎಲ್ಲವೂ ಆಗಲೇ ಆಗಬೇಕು. ಸೀಲಿಗೆಂದು ಕ್ಲಚ್ ತನಕ ಹೋದವರಿಗೂ ಇದೇ ಮಾತು: ಅರ್ಧ ಸವೆದ ಪ್ಲೇಟನ್ನು ಉಳಿತಾಯವೆಂದು ವಾಪಸ್ ಹಾಕಿದರೆ ಅದೇ ಕೂಲಿಯನ್ನು ಎರಡು ವರ್ಷದಲ್ಲಿ ಮತ್ತೆ ಕೊಡುತ್ತೀರಿ.

ಕಾಯಲಾಗದ ಸಂದರ್ಭಗಳೂ ಇವೆ. ಕ್ಲಚ್ ಬಿಡುವಾಗ ಗಾಡಿ ನಡುಗುತ್ತದೆ, ಏರಿನಲ್ಲಿ ಎಂಜಿನ್ ಕೂಗಿದರೂ ಗಾಡಿ ಏರುವುದಿಲ್ಲ, ಹೌಸಿಂಗ್ ಅಡಿಯಲ್ಲಿ ಗೇರ್ ಎಣ್ಣೆ ಇದೆ. ಹೀಗಿದ್ದರೆ ಚಾರ್ಮಾಡಿಗೋ ಶಿರಾಡಿಗೋ ಆ ಗಾಡಿಯನ್ನು ಇಳಿಸಬೇಡಿ. ಒಳಗಿನ ಎಣ್ಣೆಯಲ್ಲಿ ನೀರು ಕಂಡಿದ್ದರೆ, ಡ್ರೈನ್ ಪ್ಲಗ್ಗಿಗೆ ಹೊಳೆಯುವ ಲೋಹದ ಚೂರು ಅಂಟಿದ್ದರೆ, ಆಗಲೂ ಇಳಿಸಿ ಬಿಚ್ಚಿ ನೋಡುವುದೇ ಸರಿ.

ಗುಜರಿಯಿಂದ ಇನ್ನೊಂದು ಗೇರ್‌ಬಾಕ್ಸ್ ತಂದು ಕೂರಿಸುವ ಸಲಹೆಯನ್ನೂ ಕೊಡುವವರಿದ್ದಾರೆ. ಅದರ ಸೀಲುಗಳು ನಿಮ್ಮವಕ್ಕಿಂತ ಹಳೆಯವು.

ಯಾವಾಗ ಮಾಡಿಸುವುದು ಎಂಬುದಕ್ಕೆ ಮಾರ್ಚ್ ಕೊನೆಯಿಂದ ಮೇ ನಡುವಿನವರೆಗಿನ ಕಾಲ ನಮಗೆ ಹೇಳಿ ಮಾಡಿಸಿದಂಥದು. ಕೊಯ್ಲು ಮುಗಿದಿರುತ್ತದೆ, ನೆಲ ಒಣಗಿರುತ್ತದೆ, ಮೇಸ್ತ್ರಿಗಳಿಗೂ ಸ್ವಲ್ಪ ಬಿಡುವು. ಮೃಗಶಿರಾ ಹಿಡಿದ ಮೇಲೆ ಶೆಡ್ಡಿನ ನೆಲವೇ ಒದ್ದೆ. ಹಚ್ಚಿದ ಸೀಲಂಟ್ ಹಿಡಿಯುವುದಿಲ್ಲ, ಬಿಚ್ಚಿಟ್ಟ ಬೇರಿಂಗಿಗೆ ಒಂದೇ ರಾತ್ರಿಯಲ್ಲಿ ತುಕ್ಕಿನ ಚುಕ್ಕೆ.

ಕೆಲಸವಾದ ಮೇಲೆ ಮೊದಲ ಐವತ್ತು ಕಿಲೋಮೀಟರಿಗೆ ಒಮ್ಮೆ, ಐನೂರಕ್ಕೆ ಒಮ್ಮೆ ಎಣ್ಣೆಯ ಮಟ್ಟ ನೋಡಿ, ಅಡಿಯ ತಟ್ಟೆಯ ಬೋಲ್ಟುಗಳನ್ನು ಹದವಾಗಿ ಬಿಗಿ ಮಾಡಿ. ಹೊಸ ತುಟಿ ಕೂರುವ ತನಕ ಮೊದಲ ದಿನಗಳಲ್ಲಿ ತೆಳುವಾಗಿ ಜಿನುಗಿದರೆ ಗಾಬರಿ ಬೇಡ.

ಈ ಏಪ್ರಿಲಿನಲ್ಲಿ ನಮ್ಮ ಜೀಪಿನ ಹಿಂಬದಿ ಸೀಲನ್ನೂ ಹ್ಯಾಂಡ್ ಬ್ರೇಕಿನ ಲೈನಿಂಗನ್ನೂ ಹೊಸದು ಮಾಡಿದೆ, ಕಪ್ಲಿಂಗಿಗೆ ಸ್ಲೀವ್ ತೊಡಿಸಿದೆ. ಎರಡು ಪೆಟ್ಟಿಗೆಗಳ ನಡುವೆ ನುಸುಳುವ ಎಣ್ಣೆಯನ್ನು ಹಾಗೇ ಬಿಟ್ಟಿದ್ದೇನೆ. ಕ್ಲಚ್ಚಿನಲ್ಲಿ ಇನ್ನೂ ಒಂದು ಕೊಯ್ಲಿನ ಜೀವ ಇದೆ. ಅಲ್ಲಿಯವರೆಗೆ ಪ್ರತಿ ತಿಂಗಳ ಮೊದಲ ಭಾನುವಾರ ಎರಡೂ ಪ್ಲಗ್ ಬಿಚ್ಚಿ ಕಿರುಬೆರಳು ಹಾಕಿ ನೋಡಿ, ಶೆಡ್ಡಿನ ಬಾಗಿಲ ಹಿಂದೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಎಷ್ಟು ಇಳಿದಿದೆ, ಎಷ್ಟು ಸುರಿದೆ ಎಂದು ಬರೆದಿಡುತ್ತಿದ್ದೇನೆ.